ಕಾರ್ಡ್ ಸೇರಿಸುವುದಾ, ಪೆಟ್ಟಿಗೆಯನ್ನೇ ಬದಲಿಸುವುದಾ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಬಲೆ, ಹಗ್ಗ, ಬೋಟಿನ ಎಂಜಿನ್ ಬಿಡಿಭಾಗಗಳ ಸಗಟು ವ್ಯಾಪಾರ. ಆಫೀಸಿನಲ್ಲಿ ಹಳೆಯ ಇಪಿಎಬಿಎಕ್ಸ್ ಇದೆ, ಅಂದರೆ ಹೊರಗಿನ ಲೈನ್‌ಗಳನ್ನು ಒಳಗಿನ ಫೋನ್‌ಗಳಿಗೆ (ಎಕ್ಸ್‌ಟೆನ್ಶನ್) ಹಂಚುವ ಪೆಟ್ಟಿಗೆ. 4 ಲೈನ್, 24 ಎಕ್ಸ್‌ಟೆನ್ಶನ್. ಈಗ ಮೇಲಿನ ಮಹಡಿಯನ್ನೂ ಬಾಡಿಗೆಗೆ ಹಿಡಿದಿದ್ದೇವೆ, ಅಲ್ಲಿಗೆ 9 ಫೋನ್ ಬೇಕು. ಮಲ್ಪೆಯ ಗೋಡೌನಿಗೆ 5 ಬೇಕು. ಪೆಟ್ಟಿಗೆಯಲ್ಲಿ ಕಾರ್ಡ್ ಹಾಕುವ ಆರು ಸ್ಲಾಟ್ ಇವೆ, ಎರಡು ಖಾಲಿ. ಒಬ್ಬರು 8 ಪೋರ್ಟಿನ ಎರಡು ಕಾರ್ಡ್ ಹಾಕಿದರೆ ಕೆಲಸ ಮುಗಿಯಿತು ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಗುಜರಿಗೆ ಹಾಕಿ ಐಪಿಗೆ, ಅಂದರೆ ನೆಟ್‌ವರ್ಕ್ ಕೇಬಲಿನಲ್ಲಿ ನಡೆಯುವ ಫೋನಿಗೆ, ಬನ್ನಿ ಅನ್ನುತ್ತಾರೆ. ಲೈನ್‌ಗಳನ್ನು ತಾಮ್ರದಿಂದ ಫೈಬರಿಗೆ ಬದಲಿಸುತ್ತಾರಂತೆ. ಮಳೆಗಾಲದಲ್ಲಿ ಕೆಲವು ಫೋನಿನಲ್ಲಿ ಗೊರಗೊರ ಸದ್ದು ಬೇರೆ. ಏನು ಮಾಡುವುದು? ಈಗಿರುವ ಫೋನ್‌ಗಳನ್ನು ಉಳಿಸಿಕೊಳ್ಳಬಹುದಾ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಆದರೆ ನೀವು ಬರೆದದ್ದು ನೋಡಿದರೆ ಒಂದು ವಿಷಯ ಇಬ್ಬರೂ ಕೇಳಿದ ಹಾಗೆ ಕಾಣುವುದಿಲ್ಲ. ನಿಮ್ಮ ಆಫೀಸಿನಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ ಹೊರಗಿನವರ ಜೊತೆ ಮಾತಾಡುತ್ತಾರೆ? ಎಕ್ಸ್‌ಟೆನ್ಶನ್ ಎಷ್ಟು ಬೇಕು ಅಂತ ಎಲ್ಲರೂ ಎಣಿಸುತ್ತಾರೆ, ಯಾಕೆಂದರೆ ಮೇಜು ಕಣ್ಣಿಗೆ ಕಾಣುತ್ತದೆ. ಮಾತು ಕಾಣುವುದಿಲ್ಲ. ಇಪಿಎಬಿಎಕ್ಸ್ ದೊಡ್ಡದು ಮಾಡುವಾಗ ಹಣ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಮೊದಲು ಪೆಟ್ಟಿಗೆಯ ಬಾಗಿಲು ತೆಗೆಯೋಣ. ಹಿಂದೆ ಒಂದು ದೊಡ್ಡ ಬೋರ್ಡ್ ಇದೆ, ಎಲ್ಲ ಕಾರ್ಡ್‌ಗಳೂ ಅದರೊಳಗೆ ಕೂರುತ್ತವೆ. ಅದು ಬ್ಯಾಕ್‌ಪ್ಲೇನ್. ಒಂದು ತುದಿಯಲ್ಲಿ ಪವರ್ ಸಪ್ಲೈ, ಅದರ ಪಕ್ಕ ಸಿಪಿಯು ಕಾರ್ಡ್. ಇವೆರಡಕ್ಕೆ ಸಾಮಾನ್ಯವಾಗಿ ಅವುಗಳದ್ದೇ ಜಾಗ ಇರುತ್ತದೆ, ನೀವು ಎಣಿಸಿದ ಆರರಲ್ಲಿ ಸೇರಿರಲಿಕ್ಕಿಲ್ಲ. ಉಳಿದದ್ದು ಹೊರಗಿನ 4 ಲೈನ್ ಬಂದು ಸೇರುವ ಒಂದು ಟ್ರಂಕ್ ಕಾರ್ಡ್, 8 ಪೋರ್ಟಿನ ಮೂರು ಎಕ್ಸ್‌ಟೆನ್ಶನ್ ಕಾರ್ಡ್. ಒಟ್ಟು ನಾಲ್ಕು, ಎರಡು ಖಾಲಿ. ಲೆಕ್ಕ ಸರಿಹೋಗುತ್ತದೆ.

ಎಕ್ಸ್‌ಟೆನ್ಶನ್ ಕಾರ್ಡಿನ ಕೆಲಸ ಸಣ್ಣದಲ್ಲ. ಪ್ರತಿ ಫೋನಿಗೂ ಅದೇ ಕರೆಂಟ್ ಕೊಡಬೇಕು, ಸಾಧಾರಣ 48 ವೋಲ್ಟ್ ಡಿಸಿ. ಗಂಟೆ ಬಾರಿಸಬೇಕಾದರೆ 75 ವೋಲ್ಟಿನ ಆಸುಪಾಸಿನ ಎಸಿ ಕಳಿಸಬೇಕು. ರಿಸೀವರ್ ಎತ್ತಿದ್ದನ್ನು ಗುರುತಿಸಬೇಕು, ಒತ್ತಿದ ನಂಬರ್ ಓದಬೇಕು, ಮಾತನ್ನು ಡಿಜಿಟಲ್ ಮಾಡಿ ಒಳಗೆ ಕಳಿಸಬೇಕು. ಟ್ರಂಕ್ ಕಾರ್ಡ್ ಇದರ ಉಲ್ಟಾ. ಎಕ್ಸ್‌ಚೇಂಜಿನ ಕಣ್ಣಿಗೆ ಅದೊಂದು ಮಾಮೂಲಿ ಫೋನ್, ಅಲ್ಲಿಂದ ಕರೆಂಟ್ ತೆಗೆದುಕೊಳ್ಳುತ್ತದೆ, ಗಂಟೆ ಬಂದರೆ ಎತ್ತುತ್ತದೆ. ಹೀಗೆ ಒಂದು ಕೊಡುವ ಕಡೆ, ಇನ್ನೊಂದು ತೆಗೆದುಕೊಳ್ಳುವ ಕಡೆ. ಗೊತ್ತಿಲ್ಲದ ವಯರ್‌ಮನ್ ಹೊರಗಿನ ಲೈನನ್ನು ಎಕ್ಸ್‌ಟೆನ್ಶನ್ ಪೋರ್ಟಿಗೆ ಸಿಕ್ಕಿಸಿದರೆ ಎರಡೂ ಕಡೆಯಿಂದ ವೋಲ್ಟೇಜ್ ಬಂದು ಆ ಪೋರ್ಟ್ ಸತ್ತೇ ಹೋಗಬಹುದು. ಆದ್ದರಿಂದ ಯಾವ ಕಾರ್ಡ್ ಯಾವುದು ಅಂತ ಒಂದು ಚೀಟಿ ಬರೆದು ಬಾಗಿಲಿನ ಒಳಗೆ ಅಂಟಿಸಿ. ರಿಸೆಪ್ಶನ್ನಿನಲ್ಲಿ ಸಾಲು ಬಟನ್ ಇರುವ ಕೀ ಫೋನ್ ಇದ್ದರೆ ಅದು ಮೂರನೇ ಜಾತಿ. ಅದು ಡಿಜಿಟಲ್ ಪೋರ್ಟಿನಲ್ಲಿ ಮಾತ್ರ ನಡೆಯುತ್ತದೆ, ಅದೂ ಅದೇ ಕಂಪನಿಯ ಪೆಟ್ಟಿಗೆಯಲ್ಲಿ.

ಈಗ ಮಾತಿನ ಲೆಕ್ಕ. ನಿಮ್ಮ ವ್ಯಾಪಾರಕ್ಕೆ ಒಂದು ವಿಶೇಷ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟ್‌ಗಳು ಮಲ್ಪೆ ಬಂದರಿನಲ್ಲಿ ನಿಂತಿರುತ್ತವೆ. ಜುಲೈ ಕೊನೆ, ಆಗಸ್ಟ್ ಮೊದಲ ವಾರ ಬಂತೆಂದರೆ ಎಲ್ಲರಿಗೂ ಒಟ್ಟಿಗೇ ಬಲೆ ಬೇಕು, ಹಗ್ಗ ಬೇಕು, ಎಂಜಿನ್ನಿನ ಗ್ಯಾಸ್ಕೆಟ್ ಬೇಕು. ಆಗ ಬೆಳಿಗ್ಗೆ ಒಂದು ಗಂಟೆಯಲ್ಲಿ ಬರುವ ಕಾಲ್‌ಗಳೇ ನಿಮ್ಮ ಅಳತೆಗೋಲು. ಜೂನ್ ತಿಂಗಳಲ್ಲಿ ನಿಮ್ಮಲ್ಲಿಗೆ ಬಂದು ನೋಡಿದ ವೆಂಡರ್ ನಾಲ್ಕು ಲೈನ್ ಧಾರಾಳ ಆಯಿತು ಅಂತಲೇ ಹೇಳುತ್ತಾನೆ, ಅವನ ತಪ್ಪಲ್ಲ.

ಇದನ್ನು ಅಂದಾಜಿನಲ್ಲಿ ಬಿಡಬೇಕಾಗಿಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ, ಇವತ್ತಿಗೂ ಅದೇ ನಡೆಯುತ್ತದೆ. ಒಂದು ಲೈನ್ ಒಂದು ಗಂಟೆ ಪೂರ್ತಿ ಬಿಜಿ ಇದ್ದರೆ ಅದು ಒಂದು ಎರ್ಲಾಂಗ್. ಆಗಸ್ಟಿನ ಆ ಗಂಟೆಯಲ್ಲಿ ನಿಮ್ಮ ಪ್ರತಿ ಎಕ್ಸ್‌ಟೆನ್ಶನ್ ಸರಾಸರಿ 6 ನಿಮಿಷ ಹೊರಗಿನವರ ಜೊತೆ ಮಾತಾಡುತ್ತದೆ ಅಂತ ಇಟ್ಟುಕೊಳ್ಳಿ. 24 ಫೋನಿಗೆ 144 ನಿಮಿಷ, ಅಂದರೆ 2.4 ಎರ್ಲಾಂಗ್. ಇಷ್ಟಕ್ಕೆ 4 ಲೈನ್ ಇದ್ದರೆ ಸೂತ್ರದ ಪ್ರಕಾರ ನೂರಕ್ಕೆ ಸುಮಾರು 14 ಕಾಲ್‌ಗೆ ಎಂಗೇಜ್ ಸದ್ದು. ಏಳರಲ್ಲಿ ಒಂದು! ಇದು ಈಗಿನ ಸ್ಥಿತಿ, ಗೊತ್ತಾಯ್ತಲ್ಲ. ಇನ್ನು 14 ಫೋನ್ ಸೇರಿ 38 ಆದರೆ 3.8 ಎರ್ಲಾಂಗ್. ಲೈನ್ ಅದೇ ನಾಲ್ಕು ಉಳಿಸಿಕೊಂಡರೆ ನೂರರಲ್ಲಿ 29 ಕಾಲ್ ಸಿಗುವುದೇ ಇಲ್ಲ. 8 ಲೈನ್ ಮಾಡಿದರೆ ಅದು ಎರಡೂವರೆಗೆ ಇಳಿಯುತ್ತದೆ, 9 ಮಾಡಿದರೆ ಒಂದರ ಹತ್ತಿರ ಬರುತ್ತದೆ.

6 ನಿಮಿಷ ಅನ್ನುವುದು ನಾನು ಹಿಡಿದ ಲೆಕ್ಕ. ನಿಮ್ಮದು ಬೇರೆ ಇರಬಹುದು, ಹುಡುಗರು ಹೊರಗೆ ಕಾಲ್ ಮಾಡಲು ಸ್ವಂತ ಮೊಬೈಲ್ ಬಳಸುತ್ತಿದ್ದರೆ ಕಡಿಮೆಯೇ ಇರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಕಾಲ್ ರೆಕಾರ್ಡ್ ಪ್ರಿಂಟ್ ತೆಗೆಯುವ ಸೌಲಭ್ಯ, ಅಂದರೆ ಎಸ್‌ಎಂಡಿಆರ್, ಬಹಳ ಮಟ್ಟಿಗೆ ಇದ್ದೇ ಇರುತ್ತದೆ, ಯಾರೂ ಬಳಸುವುದಿಲ್ಲ ಅಷ್ಟೆ. ಹೋದ ಆಗಸ್ಟಿನದ್ದು ಉಳಿದಿದ್ದರೆ ತೆಗೆಸಿ, ಯಾವ ಗಂಟೆಯಲ್ಲಿ ಎಷ್ಟು ನಿಮಿಷ ಅಂತ ಕೂಡಿಸಿ. ಎಂಗೇಜ್ ಕೇಳಿ ಇಟ್ಟವರ ಕಾಲ್ ಅದರಲ್ಲಿ ಇರುವುದಿಲ್ಲ, ಅದನ್ನು ನೆನಪಿಟ್ಟುಕೊಂಡು ಸ್ವಲ್ಪ ಜಾಸ್ತಿಯೇ ಹಿಡಿಯಿರಿ.

ಈಗ ಮೊದಲನೆಯವರ ಸಲಹೆಗೆ ಬನ್ನಿ. 8 ಪೋರ್ಟಿನ ಎರಡು ಕಾರ್ಡ್ ಹಾಕಿದರೆ 16 ಎಕ್ಸ್‌ಟೆನ್ಶನ್ ಸಿಕ್ಕಿತು, ಎರಡೂ ಖಾಲಿ ಸ್ಲಾಟ್ ತುಂಬಿತು. ಲೈನ್ ಸೇರಿಸಲು ಜಾಗವೇ ಉಳಿಯಲಿಲ್ಲ. ಆಗಸ್ಟಿನಲ್ಲಿ ಒಳಗೆ ಒಬ್ಬರಿಗೊಬ್ಬರು ಚೆನ್ನಾಗಿ ಮಾತಾಡಬಹುದು, ಗಿರಾಕಿ ಮಾತ್ರ ಹೊರಗೆ ನಿಂತಿರುತ್ತಾನೆ. ಅದೂ ಅಲ್ಲದೆ ಮಲ್ಪೆಗೆ ಆ ಕಾರ್ಡಿನಿಂದ ಫೋನ್ ಹೇಗೆ ಕೊಡುತ್ತಾರೆ? ಐದಾರು ಕಿಲೋಮೀಟರ್ ತಾಮ್ರದ ಜೋಡಿ ಎಳೆಯುವ ಕಾಲ ಮುಗಿದು ಎಷ್ಟೋ ವರ್ಷ ಆಯಿತು.

ಎರಡನೆಯವರ ಸಲಹೆ ಕೆಟ್ಟದ್ದಲ್ಲ, ಆದರೆ ಸದ್ಯಕ್ಕೆ ದುಬಾರಿ. 38 ಐಪಿ ಫೋನ್, ಅವುಗಳಿಗೆ ಕರೆಂಟ್ ಕೊಡುವ ಪಿಓಇ ಸ್ವಿಚ್, ಪ್ರತಿ ಮೇಜಿಗೂ ನೆಟ್‌ವರ್ಕ್ ಕೇಬಲ್, ಆ ಸ್ವಿಚ್‌ಗಳಿಗೆಲ್ಲ ಯುಪಿಎಸ್. ಕೆಳಗಿನ 24 ಫೋನ್ ನೆಟ್ಟಗೆ ಕೆಲಸ ಮಾಡುತ್ತಿರುವಾಗ ಅಷ್ಟು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಪೆಟ್ಟಿಗೆಗೆ ಹೊಸ ಕಾರ್ಡ್ ಸಿಗುವುದೇ ಇಲ್ಲ ಅಂತಾದರೆ ಮಾತು ಬೇರೆ.

ನಾನಾದರೆ ಹೀಗೆ ಮಾಡುತ್ತೇನೆ. ಒಂದು ಖಾಲಿ ಸ್ಲಾಟಿಗೆ 8 ಪೋರ್ಟಿನ ಎಕ್ಸ್‌ಟೆನ್ಶನ್ ಕಾರ್ಡ್, ಮೇಲಿನ ಮಹಡಿಗೆ. ಇನ್ನೊಂದಕ್ಕೆ ವಿಓಐಪಿ ಕಾರ್ಡ್, ಅಂದರೆ ಮಾತನ್ನು ಇಂಟರ್ನೆಟ್ಟಿನ ಹಾಗೆ ಡೇಟಾ ಮಾಡಿ ಸಾಗಿಸುವ ಕಾರ್ಡ್. ಈ ಎರಡನೆಯದ್ದೇ ನಿಮ್ಮ ಗಂಟು ಬಿಡಿಸುವುದು, ಯಾಕೆಂದರೆ ಒಂದೇ ಸ್ಲಾಟಿನಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಮಲ್ಪೆಯ 5 ಐಪಿ ಫೋನ್, ಮೇಲೆ ಉಳಿದ ಒಂಬತ್ತನೇ ಫೋನ್ ಇದರ ಮೇಲೆ ಬರುತ್ತವೆ. ಹೊರಗಿನ ಲೈನ್‌ಗಳನ್ನು ಸಿಪ್ ಟ್ರಂಕ್ ಆಗಿ, ಅಂದರೆ ಡೇಟಾ ಕನೆಕ್ಷನ್ನಿನ ಮೂಲಕ, ತೆಗೆದುಕೊಂಡರೆ ಅವೂ ಇದರ ಮೇಲೇ ಬರುತ್ತವೆ. ಸಿಪ್ ಟ್ರಂಕಿನಲ್ಲಿ ತಂತಿ ಎಣಿಸುವುದಿಲ್ಲ, ಚಾನೆಲ್, ಅಂದರೆ ಒಟ್ಟಿಗೆ ಎಷ್ಟು ಮಾತು ನಡೆಯಬಹುದು ಅಂತ ಎಣಿಸುತ್ತಾರೆ, ಐದು ಚಾನೆಲ್ ಸಾಕೆಂದರೆ ಐದಕ್ಕೇ ಹಣ ಕಟ್ಟಬಹುದು. ಹಳೆಯ 4, ಹೊಸ 5, ಒಟ್ಟು 9 ಆಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಕೊಟೇಶನ್ ಕೊಡುವವರು ಹೇಳುವುದಿಲ್ಲ. ವಿಓಐಪಿ ಕಾರ್ಡಿಗೂ ಚಾನೆಲ್ ಮಿತಿ ಇದೆ, 8, 16, 32 ಅಂತ. ಮಲ್ಪೆಯ ಐಪಿ ಫೋನಿನವನು ಸಿಪ್ ಟ್ರಂಕಿನ ಮೂಲಕ ಹೊರಗೆ ಮಾತಾಡಿದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಎರಡು ಚಾನೆಲ್ ಹಿಡಿಯುತ್ತದೆ, ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. 8 ಚಾನೆಲ್ ಕಾರ್ಡ್ ತೆಗೆದುಕೊಂಡರೆ ನಾಲ್ಕು ಜನಕ್ಕೇ ಮುಗಿದು ಹೋಗಬಹುದು. 16ರದ್ದು ಕೇಳಿ. ಅದರ ಜೊತೆ ಲೈಸೆನ್ಸ್ ಎಷ್ಟಕ್ಕಿದೆ ಅಂತಲೂ ಕೇಳಿ, ಕಾರ್ಡಿನಲ್ಲಿ 16 ಇದ್ದು ಲೈಸೆನ್ಸ್ 4ಕ್ಕೆ ಮಾತ್ರ ಕೊಡುವುದು ಮಾಮೂಲಿ.

ಯಾರಾದರೂ ಪಿಆರ್‌ಐ ತೆಗೆದುಕೊಳ್ಳಿ ಅಂದರೆ ಬೇಡ ಅನ್ನಿ. ಒಂದು ಪಿಆರ್‌ಐ ಅಂದರೆ 2.048 ಮೆಗಾಬಿಟ್ಟಿನ ಇ1 ಲಿಂಕ್, 30 ಮಾತು ಒಟ್ಟಿಗೆ. ಅದು ಹೊರುವುದು 20 ಎರ್ಲಾಂಗ್, ನಿಮ್ಮದು ನಾಲ್ಕೂ ಇಲ್ಲ. ಆಸ್ಪತ್ರೆಗೋ ಕಾಲೇಜಿಗೋ ಸರಿ.

ಸಿಮ್ ಹಾಕುವ ಜಿಎಸ್‌ಎಂ ಕಾರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದೆರಡು ಇದ್ದರೆ ಒಳ್ಳೆಯದೇ, ಹೊರಗಿನ ಕೇಬಲ್ ಕೈಕೊಟ್ಟ ದಿನ ಆಫೀಸ್ ಮೂಕ ಆಗುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಸ್ಲಾಟ್ ಉಳಿಯದ ಕಾರಣ ಹೊರಗಿನ ಸಣ್ಣ ಗೇಟ್‌ವೇ ಪೆಟ್ಟಿಗೆ ಬೇಕಾಗುತ್ತದೆ. ತೆಗೆದುಕೊಳ್ಳುವುದಾದರೆ 4ಜಿ ವೋಲ್ಟೀ (4ಜಿಯಲ್ಲೇ ಮಾತು ಸಾಗಿಸುವುದು) ಇರುವುದೇ ಇರಲಿ. ಹಳೆಯ 2ಜಿ ಗೇಟ್‌ವೇಗೆ ಜಿಯೋ ಸಿಮ್ ಹಾಕಿದರೆ ಏನೂ ಆಗುವುದಿಲ್ಲ, ಅವರಲ್ಲಿ 2ಜಿಯೂ ಇಲ್ಲ, 3ಜಿಯೂ ಇಲ್ಲ. ಸಿಮ್ ಕಂಪನಿಯ ಹೆಸರಿನಲ್ಲೇ ಇರಬೇಕು. ವಿದೇಶದಿಂದ ಇಂಟರ್ನೆಟ್ಟಿನಲ್ಲಿ ಬಂದ ಕಾಲ್‌ಗಳನ್ನು ನಿಮ್ಮ ಸಿಮ್ ಮೂಲಕ ಲೋಕಲ್ ಮಾಡಿ ಬಿಡಿ, ಕಮಿಷನ್ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಅಲ್ಲಿಂದಲೇ ವಾಪಸ್ ಕಳಿಸಿ. ಅದು ಅಪರಾಧ, ಪೊಲೀಸ್ ಬಂದರೆ ಪೆಟ್ಟಿಗೆ ಯಾರ ಆಫೀಸಿನಲ್ಲಿ ಇದೆಯೋ ಅವರನ್ನೇ ಮೊದಲು ಕೇಳುವುದು.

ಪವರ್ ಸಪ್ಲೈ ವಿಷಯ ಸ್ವಲ್ಪ ನಿಂತು ನೋಡಬೇಕು. ಸುಮ್ಮನೆ ಕೂತ ಫೋನ್ ಕರೆಂಟ್ ತಿನ್ನುವುದಿಲ್ಲ ಅಂತಲೇ ಹೇಳಬಹುದು, ಮಾತಾಡುವ ಫೋನ್ 20ರಿಂದ 30 ಮಿಲಿಆಂಪ್ ಎಳೆಯುತ್ತದೆ, ಕಷ್ಟ ಬರುವುದು ಗಂಟೆ ಬಾರಿಸುವಾಗ. ರಿಸೆಪ್ಶನ್ ಎತ್ತದಿದ್ದರೆ ಹತ್ತು ಫೋನ್ ಒಟ್ಟಿಗೆ ಗಂಟೆ ಹೊಡೆಯಲಿ ಅಂತ ಗ್ರೂಪ್ ಮಾಡಿಟ್ಟ ಆಫೀಸುಗಳಿವೆ. ಹೊಸ ಕಾರ್ಡ್ ಹಾಕಿದ ಮೇಲೆ ಗಂಟೆ ಸಣ್ಣಗಾಯಿತು, ನಡುವೆ ಪೆಟ್ಟಿಗೆ ತಾನಾಗಿ ರಿಸ್ಟಾರ್ಟ್ ಆಯಿತು ಅಂದರೆ ಮೊದಲು ನೋಡಬೇಕಾದ್ದು ಕಾರ್ಡನ್ನಲ್ಲ, ಪವರ್ ಸಪ್ಲೈಯನ್ನು. ಎಲ್ಲ ಸ್ಲಾಟ್ ತುಂಬಿದರೂ ಈಗಿನ ಸಪ್ಲೈ ತಡೆಯುತ್ತದೆಯೇ ಅಂತ ಮಾಡೆಲ್ ನಂಬರ್ ಹೇಳಿ ಕಂಪನಿಯಿಂದಲೇ ಬರೆಸಿಕೊಳ್ಳಿ. ಕೆಲವು ಪೆಟ್ಟಿಗೆಗೆ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಹಾಕಿ 48 ಮಾಡಿರುತ್ತಾರೆ, ಅದರಲ್ಲಿ ಒಂದು ಸತ್ತರೂ ಸಾಲೇ ಸತ್ತ ಹಾಗೆ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಇನ್ನು ಫೈಬರ್. ಇದನ್ನು ಜನ ಬರೀ ತಂತಿ ಬದಲಾವಣೆ ಅಂದುಕೊಳ್ಳುತ್ತಾರೆ, ಇಪಿಎಬಿಎಕ್ಸಿಗೆ ಅದು ಅಷ್ಟು ಸಲೀಸಲ್ಲ. ತಾಮ್ರದ ಲೈನಿನಲ್ಲಿ ಕರೆಂಟ್ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಊರಲ್ಲಿ ಕರೆಂಟ್ ಹೋದರೂ ಫೋನ್ ಇರುತ್ತಿತ್ತು. ಎಷ್ಟೋ ಪೆಟ್ಟಿಗೆಗಳಲ್ಲಿ ಪವರ್ ಫೇಲ್ ಟ್ರಾನ್ಸ್‌ಫರ್ ಅಂತ ಒಂದು ರಿಲೇ ಇದೆ, ಪೆಟ್ಟಿಗೆ ಸತ್ತ ಕೂಡಲೇ ಹೊರಗಿನ ಲೈನನ್ನು ನೇರ ಒಂದು ಫೋನಿಗೆ ಕೊಡುತ್ತದೆ. ಫೈಬರ್ ಬಂದ ಮೇಲೆ ಲೈನ್ ಕೊಡುವುದು ನಿಮ್ಮ ಗೋಡೆಯ ಮೇಲಿನ ಓಎನ್‌ಟಿ ಡಬ್ಬಿ, ಅದಕ್ಕೆ ನಿಮ್ಮದೇ ಕರೆಂಟ್ ಬೇಕು. ಅದು ಆರಿದರೆ ಆ ರಿಲೇ ಯಾವ ಲೈನ್ ಕೊಟ್ಟೀತು? ಆದ್ದರಿಂದ ಓಎನ್‌ಟಿ, ರೂಟರ್, ಸ್ವಿಚ್, ಇಪಿಎಬಿಎಕ್ಸ್ ನಾಲ್ಕೂ ಒಂದೇ ಯುಪಿಎಸ್ಸಿನಲ್ಲಿ ಇರಲಿ. ಕಂಪ್ಯೂಟರ್‌ಗಳ ಯುಪಿಎಸ್ಸಿಗೆ ಇವನ್ನು ಜೋಡಿಸಬೇಡಿ, ಪ್ರಿಂಟರ್ ಆನ್ ಮಾಡಿದವರು ಫೋನ್ ಕೆಡವುತ್ತಾರೆ.

ಓಎನ್‌ಟಿಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಫೋನ್ ಪೋರ್ಟ್ ಇರುತ್ತವೆ. ನಾಲ್ಕು ಲೈನಿಗೆ ಎರಡು ಮೂರು ಡಬ್ಬಿ ಗೋಡೆಗೆ ನೇತು ಹಾಕುವುದಕ್ಕಿಂತ, ಆಗಲೂ ನಾಲ್ಕನ್ನೂ ಸಿಪ್‌ಗೆ ತರುವುದೇ ಲೇಸು. 0820ರ ನಿಮ್ಮ ಹಳೆಯ ನಂಬರನ್ನೇ ಉಳಿಸಿಕೊಡುತ್ತಾರಾ ಅಂತ ಮೊದಲು ಬರಹದಲ್ಲಿ ತೆಗೆದುಕೊಳ್ಳಿ. ಆ ನಂಬರ್ ಎಷ್ಟು ಬೋಟಿನವರ ಡೈರಿಯಲ್ಲಿ ಇದೆಯೋ ಏನೋ.

ಓಎನ್‌ಟಿಯ ಫೋನ್ ಪೋರ್ಟನ್ನೇ ಟ್ರಂಕ್ ಕಾರ್ಡಿಗೆ ಕೊಡುವುದಾದರೆ ಒಂದು ಹೊಸ ತಲೆನೋವು ಬರಬಹುದು. ಆಚೆಯವರು ಫೋನ್ ಇಟ್ಟರೂ ನಿಮ್ಮ ಲೈನ್ ಬಿಜಿಯಾಗಿಯೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಲೈನ್ ಸಿಕ್ಕಿಕೊಂಡು ಕೂತಿರುತ್ತವೆ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದರೆ ಸರಿ. ಕಾರಣ ಸರಳ. ಕಾಲ್ ಮುಗಿಯಿತು ಅಂತ ಟ್ರಂಕ್ ಕಾರ್ಡಿಗೆ ಗೊತ್ತಾಗುವುದು ಲೈನಿನ ಧ್ರುವ ತಿರುಗಿದಾಗ (ಪ್ಲಸ್-ಮೈನಸ್ ಅದಲು ಬದಲಾದಾಗ) ಅಥವಾ ಎಂಗೇಜ್ ಟೋನ್ ಕೇಳಿದಾಗ. ನಮ್ಮ ದೇಶದ ಎಂಗೇಜ್ ಟೋನ್ 400 ಹರ್ಟ್ಸಿನದ್ದು, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಓಎನ್‌ಟಿ ಬೇರೆ ದೇಶದ ಟೋನ್ ಕೊಡುವ ಹಾಗೆ ಸೆಟ್ ಆಗಿದ್ದರೆ ಕಾರ್ಡಿಗೆ ಅದು ಅರ್ಥವೇ ಆಗುವುದಿಲ್ಲ. ಎರಡರಲ್ಲಿ ಒಂದು ಕಡೆ ಸೆಟ್ಟಿಂಗ್ ತಿದ್ದಿದರೆ ಮುಗಿಯಿತು, ಇದಕ್ಕಾಗಿ ಕಾರ್ಡ್ ಬದಲಿಸುವುದು ಬೇಡ. ಕಾಲರ್ ಐಡಿ ಬರುವುದು ನಿಂತರೂ ಇದೇ ಜಾತಿಯ ಕಾರಣ.

ಮಲ್ಪೆಗೆ ಫೋನ್ ಕೊಡಲು ಎರಡೂ ಕಡೆ ಇಂಟರ್ನೆಟ್ ಸಾಕು. ಒಂದು ಮಾತಿಗೆ ಜಿ.711 ಎಂಬ ಧ್ವನಿ ಪದ್ಧತಿಯಲ್ಲಿ ಸುಮಾರು 87 ಕಿಲೋಬಿಟ್ ಒಂದೊಂದು ದಿಕ್ಕಿಗೆ, ಐದು ಜನ ಒಟ್ಟಿಗೆ ಮಾತಾಡಿದರೂ ಅರ್ಧ ಮೆಗಾಬಿಟ್ ಮುಟ್ಟುವುದಿಲ್ಲ. ಹಾಗಾಗಿ ವೇಗ ಜಾಸ್ತಿ ಮಾಡಿಸಿ ಅನ್ನುವುದು ಉತ್ತರ ಅಲ್ಲ. ಮಾತು ಕೆಡುವುದು ತಡದಿಂದ, ಏರಿಳಿತದಿಂದ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗೆ ಇರಬೇಕು. ಗೋಡೌನಿನ ಸಿಸಿಟಿವಿ ಅದೇ ಕನೆಕ್ಷನ್ನಿನಲ್ಲಿ ಹೊರಗೆ ವಿಡಿಯೋ ಕಳಿಸುತ್ತಿದ್ದರೆ ರೂಟರಿನಲ್ಲಿ ಧ್ವನಿಗೆ ಮೊದಲ ದಾರಿ ಬಿಡಿಸಿ.

ಎರಡೂ ಕಡೆಯ ನಡುವೆ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ನಿಮ್ಮದೇ ಬೀಗ ಹಾಕಿದ ದಾರಿ, ಮಾಡಿಸುವುದು ಕಡ್ಡಾಯ ಅಂತಲೇ ಹೇಳುತ್ತೇನೆ. ಬೇಗ ಮುಗಿಸಬೇಕು ಅಂತ ಕೆಲವರು ರೂಟರಿನಲ್ಲಿ ಸಿಪ್ ಬಳಸುವ 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟು ಹೋಗುತ್ತಾರೆ. ಅಂಥ ಪೋರ್ಟ್ ಹುಡುಕುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಎಕ್ಸ್‌ಟೆನ್ಶನ್ 201, ಪಾಸ್‌ವರ್ಡೂ 201 ಇದ್ದರೆ ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಯೊಳಗೆ ಎಲ್ಲೆಲ್ಲಿಗೋ ಐಎಸ್‌ಡಿ ಹೋಗಿರುತ್ತದೆ, ಬಿಲ್ ನಿಮಗೆ. ಐಎಸ್‌ಡಿಯನ್ನು ಟ್ರಂಕಿನಲ್ಲೇ ಬಂದ್ ಮಾಡಿಸಿ, ಪೆಟ್ಟಿಗೆಯಲ್ಲೂ ಬಂದ್ ಮಾಡಿ.

ಇನ್ನು ಆ ಗೊರಗೊರ. ಇದು ನಮ್ಮ ಕರಾವಳಿಯ ಸ್ವಂತ ಕಾಯಿಲೆ. ಮಳೆಗಾಲದಲ್ಲೇ ಬಂದು ಬೇಸಿಗೆಗೆ ಹೋಗುತ್ತದೆ ಅಂದರೆ ಕಾರ್ಡಿನದ್ದಲ್ಲ, ಕೇಬಲಿನದ್ದೇ ಅಂತ ಹೆಚ್ಚು ಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ಜೋಡಿಯ ಎರಡು ತಂತಿಯಲ್ಲಿ ಒಂದರಿಂದ ಮಾತ್ರ ನೆಲಕ್ಕೆ ಸೋರಿಕೆ ಆದರೆ ಸಮತೋಲ ಹೋಗುತ್ತದೆ, ಹತ್ತಿರದ ಮೇನ್ಸ್ ವಯರಿನ ಗುಂಯ್ ಒಳಗೆ ಬರುತ್ತದೆ. ಒದ್ದೆ ಗೋಡೆ, ಕಿಟಕಿಯ ಕೆಳಗಿನ ರೋಸೆಟ್ ಬಾಕ್ಸ್, ಟೇಪ್ ಸುತ್ತಿದ ಜಾಯಿಂಟ್, ಎಲ್ಲ ಸಾಕು. ಉಪ್ಪು ಗಾಳಿ ಸೇರಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಪತ್ತೆ ಮಾಡುವುದು ಕಷ್ಟ ಇಲ್ಲ. ಪೆಟ್ಟಿಗೆಯ ಪಕ್ಕ ಎಲ್ಲ ತಂತಿ ಬಂದು ಸೇರುವ ಎಂಡಿಎಫ್ ಇದೆಯಲ್ಲ, ಕ್ರೋನ್ ಮಾಡ್ಯೂಲ್ ಸಾಲಾಗಿ ಕೂತಿರುವ ಜಾಗ, ಅಲ್ಲಿ ಸದ್ದು ಬರುವ ಫೋನಿನ ಜೋಡಿಯನ್ನು ಬಿಡಿಸಿ, ಪೋರ್ಟಿನ ಕಡೆಗೆ ನೇರ ಒಂದು ಒಳ್ಳೆಯ ಫೋನ್ ಜೋಡಿಸಿ ಕೇಳಿ. ಅಲ್ಲಿ ಸ್ವಚ್ಛ ಇದ್ದರೆ ಪೆಟ್ಟಿಗೆ ಸರಿ ಇದೆ. ಆಮೇಲೆ ಆಚೆ ತುದಿಯ ಫೋನ್ ಕಿತ್ತು, ಎರಡು ತಂತಿಯ ನಡುವೆ, ಪ್ರತಿ ತಂತಿ ಮತ್ತು ಅರ್ಥಿನ ನಡುವೆ ಮೀಟರ್ ಇಟ್ಟು ನೋಡಿ. ಮೆಗಾಓಮಿನಲ್ಲಿ ಇರಬೇಕು. ಕಿಲೋಓಮಿಗೆ ಇಳಿದಿದ್ದರೆ ಆ ಜೋಡಿ ಬಿಟ್ಟು ಬೇರೆಗೆ ಹಾಕಿ. 10 ಜೋಡಿಯ ಕೇಬಲಿನಲ್ಲಿ ಮೊದಲ ಐದು ಬಿಳಿಯ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮುಂದಿನ ಐದು ಕೆಂಪಿನ ಜೊತೆ ಅದೇ ಬಣ್ಣಗಳು ಅದೇ ಸಾಲಿನಲ್ಲಿ. ಒಂದು ಜೋಡಿಯ ಬಿಳಿ, ಇನ್ನೊಂದು ಜೋಡಿಯ ನೀಲಿ ಸೇರಿಸಿ ಫೋನ್ ಕೊಟ್ಟವರೂ ಇದ್ದಾರೆ, ಡಯಲ್ ಟೋನ್ ಬರುತ್ತದೆ, ಪಕ್ಕದ ಮೇಜಿನ ಮಾತೂ ಕೇಳುತ್ತದೆ.

ಮೇಲಿನ ಮಹಡಿಗೆ ಟೆಲಿಫೋನ್ ಕೇಬಲ್ ಎಳೆಯಲೇಬೇಡಿ. ಪ್ರತಿ ಮೇಜಿಗೂ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ, ಒಂದಲ್ಲ ಎರಡು. ಅದರಲ್ಲಿ ನಾಲ್ಕು ಜೋಡಿ ಇವೆ. ಇವತ್ತು ಮಾಮೂಲಿ ಫೋನ್ ಅದರಲ್ಲೇ ನಡೆಯುತ್ತದೆ, ನಾಳೆ ಐಪಿ ಫೋನ್ ಇಟ್ಟರೆ ತುದಿಯ ಸಣ್ಣ ಪ್ಯಾಚ್ ಕೇಬಲ್ ಬದಲಿಸಿದರೆ ಸಾಕು. ಕೂಲಿ ಒಂದೇ ಸಲ. ಐಪಿಗೆ ಸ್ವಿಚ್ಚಿನಿಂದ ಮೇಜಿಗೆ 100 ಮೀಟರಿನ ಮಿತಿ ಇದೆ ಅನ್ನುವುದು ನೆನಪಿರಲಿ.

ಸಿಡಿಲಿನದ್ದೂ ಹೇಳಿ ಬಿಡುತ್ತೇನೆ. ಏಪ್ರಿಲ್-ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರಿನಲ್ಲಿ ನಮ್ಮಲ್ಲಿ ಕಾರ್ಡ್ ಸುಡುವ ಸೀಸನ್. ಸುಡುವುದು ಹೆಚ್ಚಾಗಿ ಟ್ರಂಕ್ ಕಾರ್ಡ್, ಇಲ್ಲದಿದ್ದರೆ ಬೇರೆ ಕಟ್ಟಡಕ್ಕೆ, ವಾಚ್‌ಮನ್ ಕೋಣೆಗೆ ಹೊರಗಿನಿಂದ ವಯರ್ ಹೋದ ಎಕ್ಸ್‌ಟೆನ್ಶನ್ ಕಾರ್ಡ್. ಎಂಡಿಎಫ್‌ನಲ್ಲಿ ಸಿಡಿಲಿನ ಹೆಚ್ಚು ವೋಲ್ಟೇಜನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬಿನ ಪ್ರೊಟೆಕ್ಟರ್ ಇದ್ದೇ ಇರಬೇಕು, ಅದು ಅರ್ಥಿಗೆ ಸೇರಿರಲೂ ಬೇಕು. ಪ್ರೊಟೆಕ್ಟರ್ ಇದ್ದು ಅರ್ಥ್ ವಯರ್ ಗಾಳಿಯಲ್ಲಿ ನೇತಾಡುವುದು ಬೇಕಾದಷ್ಟು ಕಡೆ ಇದೆ ಮಾರಾಯ್ರೆ. ಮುರಕಲ್ಲಿನ ನೆಲ ಬೇರೆ, ಮಾರ್ಚ್ ಬರುವಾಗ ಒಣಗಿ ಅರ್ಥ್ ಹಿಡಿಯುವುದೇ ಇಲ್ಲ. ಸಿಡಿಲು ಶುರುವಾಗುವುದು ಸರಿಯಾಗಿ ಆಗ. ಅರ್ಥ್ ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಬೇಡಿ, ಮಾರ್ಚಿನಲ್ಲಿ ಮಾಡಿಸಿ. ಫೈಬರ್ ಬಂದರೆ ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ, ನಿಜ. ಆದರೆ ಕಂಬದಿಂದ ಎಳೆಯುವ ಎಷ್ಟೋ ಕೇಬಲಿನಲ್ಲಿ ಭಾರ ಹೊರಲು ಸ್ಟೀಲ್ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಒಳಗೆ ಬರಲು ಬಿಡಬೇಡಿ.

ಪೆಟ್ಟಿಗೆ ಎಲ್ಲಿದೆ ಅಂತ ನೀವು ಬರೆದಿಲ್ಲ. ಮೆಟ್ಟಿಲಿನ ಕೆಳಗೆ, ಹಳೆ ಬಿಲ್ ಪುಸ್ತಕಗಳ ಹಿಂದೆ ಇದ್ದರೆ ಮೊದಲು ಅಲ್ಲಿಂದ ತೆಗೆಸಿ. ಎಸಿ ಕೋಣೆ ಬೇಕಾಗಿಲ್ಲ, 1986ರಲ್ಲಿ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟಿನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಶುರುವಾದದ್ದೇ ಎಸಿ ಇಲ್ಲದೆ ನಡೆಯುವ ಯಂತ್ರವಾಗಿ. ಗಾಳಿ ಆಡಬೇಕು, ನೀರು ತಾಗಬಾರದು, ಅಷ್ಟೆ.

ಕಾರ್ಡ್ ಕೊಳ್ಳುವ ಮೊದಲು ಸಿಪಿಯು ಕಾರ್ಡಿನ ಸಾಫ್ಟ್‌ವೇರ್ ಆವೃತ್ತಿ ಬರೆದಿಟ್ಟುಕೊಳ್ಳಿ. ಹಳೆಯ ಆವೃತ್ತಿಗೆ ಹೊಸ ಕಾರ್ಡ್ ಗುರುತೇ ಸಿಗದಿರಬಹುದು, ಆಗ ಅಪ್‌ಗ್ರೇಡ್ ಅಂತ ಇನ್ನೊಂದು ಬಿಲ್ ಬರುತ್ತದೆ. ಈ ಮಾಡೆಲ್ ಇನ್ನೂ ತಯಾರಾಗುತ್ತಿದೆಯಾ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಅಂತ ಕಂಪನಿಯಿಂದ ಇಮೇಲ್ ತರಿಸಿ. ನಿಂತು ಹೋಗಿದೆ ಅಂತ ಉತ್ತರ ಬಂದರೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕಿಕೊಂಡು ಹೋಗಬೇಡಿ, ಆಗ ಎರಡನೆಯವರ ಮಾತೇ ಸರಿ. ಕಾರ್ಡ್ ಹಾಕುವ ದಿನ ಮೊದಲು ಸೆಟ್ಟಿಂಗಿನ ಬ್ಯಾಕಪ್ ತೆಗೆಸಿ, ಆಮೇಲೆ ಕರೆಂಟ್, ಬ್ಯಾಟರಿ ಎರಡೂ ಬಂದ್ ಮಾಡಿಸಿ. ಮೇನ್ಸ್ ಆಫ್ ಮಾಡಿ ಬ್ಯಾಟರಿ ಮರೆತರೆ ಕಾರ್ಡ್ ಕರೆಂಟ್ ಇರುವ ಸ್ಲಾಟಿಗೇ ಹೋಗುತ್ತದೆ.

ಹೊಸ ಟ್ರಂಕ್ ಬಂದ ಮೇಲೆ ಡಯಲ್ ನಿಯಮಗಳನ್ನು ಒಮ್ಮೆ ಪರೀಕ್ಷಿಸಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಹಾಕಬೇಕು. ಹಳೆಯ ಪೆಟ್ಟಿಗೆಗಳಲ್ಲಿ 0 ಒತ್ತಿದರೆ ಲೈನ್ ಸಿಗುವ ಹಾಗೆ, ಅದರ ಮೇಲೆ ಇನ್ನೊಂದು 0 ಒತ್ತಿದರೆ ಎಸ್‌ಟಿಡಿ ಅಂತ ತಡೆಯುವ ಹಾಗೆ ಸೆಟ್ ಮಾಡಿರುತ್ತಾರೆ. ಗೋಡೌನಿನ ಫೋನಿಗೆ ಎಸ್‌ಟಿಡಿ ಬೇಡ ಅಂತ ಲಾಕ್ ಮಾಡಿದಿರಿ, ಮೊಬೈಲಿಗೂ ಹೋಗುವುದಿಲ್ಲ. ಮುಂದಿನ 0 ಸೇರಿ 06ರಿಂದ 09ರ ತನಕ ಶುರುವಾಗುವ ಹನ್ನೊಂದು ಅಂಕಿಯ ಮೊಬೈಲ್ ನಂಬರ್‌ಗಳಿಗೆ ದಾರಿ ಬಿಡುವಂತೆ ಪ್ರೋಗ್ರಾಮ್ ಮಾಡಿಸಿ. ಕೆಲವು ಎಸ್‌ಟಿಡಿ ಕೋಡ್‌ಗಳೂ ಹಾಗೇ ಶುರುವಾಗುತ್ತವೆ, ಉಡುಪಿಯ 0820, ಮಂಗಳೂರಿನ 0824 ಸೇರಿ. ಆದ್ದರಿಂದ ತಡೆಯಬೇಕಾದ ಕೋಡ್‌ಗಳನ್ನು ಬೇರೆ ಪಟ್ಟಿ ಮಾಡಿ ಕೊಡಿ, ಮಾಡುವವನು ತಲೆ ಕೆರೆದುಕೊಂಡರೂ ಬಿಡಬೇಡಿ.

ಹಳೆ ಫೋನ್‌ಗಳ ಬಗ್ಗೆ: 24ನ್ನೂ ಇಟ್ಟುಕೊಳ್ಳಿ. ಮುಂದೆ ಯಾವತ್ತೋ ಪೆಟ್ಟಿಗೆಯನ್ನೇ ಬದಲಿಸಿ ಪೂರ್ತಿ ಐಪಿಗೆ ಹೋದರೂ ಮಾಮೂಲಿ ಫೋನನ್ನು ಐಪಿಗೆ ಜೋಡಿಸುವ 24 ಪೋರ್ಟಿನ ಒಂದು ಎಫ್‌ಎಕ್ಸ್‌ಎಸ್ ಗೇಟ್‌ವೇ ಎಂಡಿಎಫ್ ಪಕ್ಕ ಕೂರಿಸಿದರೆ ಇದೇ ತಂತಿ, ಇದೇ ಫೋನ್ ನಡೆಯುತ್ತವೆ. ರಿಸೆಪ್ಶನ್ನಿನ ಕೀ ಫೋನಿಗೆ ಮಾತ್ರ ಆ ಭಾಗ್ಯ ಇಲ್ಲ, ಅದು ಪೆಟ್ಟಿಗೆಯ ಜೊತೆಗೇ ಹೋಗುತ್ತದೆ.